ಹುಂಜ ಮಂಕಾಗಿದೆ, ರೋಗ ಯಾವುದೆಂದು ತಿಳಿದಿಲ್ಲ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಮೊದಲು ಹೊರಗೆ ನುಗ್ಗಬೇಕಾದದ್ದು ಹುಂಜ. ಅದು ಇವತ್ತು ಹೇಂಟೆಗಳೆಲ್ಲ ಹೋದ ಮೇಲೆ ಬಂತು; ಬಂದದ್ದೂ ನಾಲ್ಕು ಹೆಜ್ಜೆ ಇಟ್ಟು ಗೋಡೆ ಪಕ್ಕ ನಿಂತುಬಿಟ್ಟಿತು. ಜುಟ್ಟಿನ ತುದಿ ಬಾಡಿದೆ, ರೆಕ್ಕೆ ಒಂದಿಷ್ಟು ಜೋತಿದೆ. ಕಾಳು ಚೆಲ್ಲಿದರೆ ಬರುತ್ತದೆ, ಕೊಕ್ಕಿನಲ್ಲಿ ಎತ್ತುತ್ತದೆ, ಕೊಕ್‌ಕೊಕ್ ಎಂದು ಹೇಂಟೆಗಳನ್ನು ಕರೆಯುತ್ತದೆ. ನೋಡಿದವರು 'ಮೇಯ್ತಾ ಇದೆಯಲ್ಲ, ಏನೂ ಆಗಿಲ್ಲ ಬಿಡಿ' ಎನ್ನುತ್ತಾರೆ. ಸ್ವಲ್ಪ ಹತ್ತಿರದಿಂದ ನೋಡಿ: ಎತ್ತಿದ ಕಾಳನ್ನು ಅದು ನುಂಗುತ್ತಿಲ್ಲ, ಮತ್ತೆ ನೆಲಕ್ಕೇ ಬಿಡುತ್ತಿದೆ. ಹೇಂಟೆಗಳಿಗೆ ಮೇವು ತೋರಿಸುವುದು ಹುಂಜದ ಹುಟ್ಟುಗುಣ. ಹೊಟ್ಟೆಗೆ ಒಂದು ಕಾಳೂ ಇಳಿಯದಿದ್ದರೂ ಈ ಆಟವನ್ನು ಅದು ಎರಡು ಮೂರು ದಿನ ಆಡಬಲ್ಲದು.

ಹಾಗಾಗಿ ಹುಂಜದ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹಳೆಯದಾಗಿರುತ್ತದೆ. ಮಂಕಾದ ಕೋಳಿಯನ್ನು ಜೊತೆಯ ಕೋಳಿಗಳೇ ಕುಕ್ಕುತ್ತವೆ, ಹದ್ದು ಮುಂಗುಸಿಗಳೂ ಅದನ್ನೇ ನೋಡಿ ಹಿಡಿಯುತ್ತವೆ. ಅದಕ್ಕೆ ಕೋಳಿ ತನ್ನ ಸುಸ್ತನ್ನು ಆದಷ್ಟು ದಿನ ಮುಚ್ಚಿಡುತ್ತದೆ. ತೂಕಡಿಸಲು ಶುರುಮಾಡಿತು ಎಂದರೆ ಮುಚ್ಚಿಡುವ ಶಕ್ತಿಯೂ ಮುಗಿಯಿತು ಎಂದೇ ಅರ್ಥ.

ಇಂಥ ಹೊತ್ತಿನಲ್ಲಿ ಊರಲ್ಲಿ ನಡೆಯುವುದು ಎರಡು. ಒಂದು, 'ಸಾಯೋ ಮುಂಚೆ ಕುಯ್ದುಬಿಡಿ'. ಇನ್ನೊಂದು, ಔಷಧಿ ಅಂಗಡಿಗೆ ಹೋಗಿ 'ಕೋಳಿಗೆ ಪೌಡರ್ ಕೊಡಿ' ಎಂದು ಕೇಳಿ ಹಳದಿ ಪುಡಿ ತಂದು ನೀರಿಗೆ ಕಲಸುವುದು. ಎರಡೂ ತಪ್ಪು. ಕಾಯಿಲೆ ಕೋಳಿಯನ್ನು ಕುಯ್ದರೆ ರಕ್ತ, ಪುಕ್ಕ, ತೊಳೆದ ನೀರು ಅಂಗಳದಲ್ಲೇ ಹರಡುತ್ತದೆ. ಒಂದು ಕೋಳಿಯಲ್ಲಿದ್ದ ರೋಗ ಹಿಂಡಿಗೆಲ್ಲ ತಲುಪಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಕುಯ್ಯುವವರ ಕೈ, ಮೂಗಿಗೂ ಅಪಾಯ. ಪುಡಿಯ ವಿಷಯ ಮುಂದೆ ಹೇಳೋಣ. ಹೆಸರು ಗೊತ್ತಿಲ್ಲದ ಕಾಯಿಲೆಗೆ ಮೊದಲು ಬೇಕಾದದ್ದು ಔಷಧಿಯಲ್ಲ, ಆರೈಕೆ: ಬೇರೆ ಜಾಗ, ಬಿಸಿ, ನೀರು. ಈ ಮೂರೂ ಯಾವ ರೋಗಕ್ಕೂ ತಪ್ಪಾಗುವುದಿಲ್ಲ. ಇವು ನಡೆಯುತ್ತಿರುವಾಗಲೇ ಲಕ್ಷಣಗಳನ್ನು ಒಂದೊಂದಾಗಿ ನೋಡಿ ಬರೆದಿಟ್ಟರೆ, ಪಶುವೈದ್ಯರ ಮುಂದೆ ನಿಂತಾಗ 'ಯಾಕೋ ಸರಿಯಿಲ್ಲ ಡಾಕ್ಟ್ರೇ' ಎನ್ನುವುದು ಬಿಟ್ಟು ಬೇರೆ ಏನಾದರೂ ಹೇಳಲು ಇರುತ್ತದೆ.

ಹಿಡಿಯುವ ಮೊದಲು

ಹತ್ತು ನಿಮಿಷ ದೂರದಲ್ಲಿ ಕುಳಿತು ಸುಮ್ಮನೆ ನೋಡಿ. ಕೈ ಹಾಕಿದ ಕೂಡಲೇ ಕೋಳಿ ಗಾಬರಿಯಿಂದ ಚುರುಕಾಗುತ್ತದೆ, ಆಮೇಲೆ ಉಸಿರು, ನಿಲುವು ಯಾವುದೂ ನಿಜವಾಗಿ ಕಾಣುವುದಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕುತ್ತಿಲ್ಲವೇ? ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ? ಬಾಲ ಆಡುತ್ತಿದ್ದರೆ ಉಸಿರಾಟಕ್ಕೆ ಕಷ್ಟಪಡುತ್ತಿದೆ. ಕತ್ತು ಚಾಚಿ ಬಾಯಿ ತೆರೆದು ಗಾಳಿ ಎಳೆಯುವುದು ಬೇರೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಕೋಳಿಗಳೂ ಬಾಯಿ ತೆರೆದು ತೇಕುವುದು ಬೇರೆ. ಎರಡನೆಯದಕ್ಕೆ ನೆರಳು, ನೀರು ಸಾಕು.

ಕೂಗನ್ನೂ ಗಮನಿಸಿ. ಕೂಗು ನಿಂತಿದೆಯೇ, ಒಡಕಾಗಿದೆಯೇ, ಕೂಗಲು ಕತ್ತೆತ್ತಿ ಅರ್ಧಕ್ಕೆ ಬಿಡುತ್ತಿದೆಯೇ? ಗಂಟಲಿನಲ್ಲಿ ಏನೋ ಇದೆ ಎನ್ನುವುದನ್ನು ಹುಂಜ ಕೂಗಿನಲ್ಲೇ ಹೇಳಿಬಿಡುತ್ತದೆ. ಹೇಂಟೆ ಸಾಕಿದವರಿಗೆ ಈ ಅನುಕೂಲ ಇಲ್ಲ.

ಹಿಡಿಯಲು ಒಳ್ಳೆಯ ಹೊತ್ತು ಕತ್ತಲಾದ ಮೇಲೆ. ಗಳದ ಮೇಲೆ ಕೂತಿದ್ದಾಗ ಎರಡೂ ರೆಕ್ಕೆಯನ್ನು ಮೈಗೆ ಒತ್ತಿ ಹಿಡಿದು ಎತ್ತಿಕೊಂಡರೆ ಗಲಾಟೆಯೇ ಇಲ್ಲ. ಹಗಲಲ್ಲಿ ಅಂಗಳದ ತುಂಬ ಅಟ್ಟಾಡಿಸಿ ಹಿಡಿದರೆ, ಉಸಿರು ಕಟ್ಟಿರುವ ಹುಂಜ ಕೈಯಲ್ಲೇ ಪ್ರಾಣ ಬಿಡಬಹುದು. ಕಾಲಿನ ಮುಳ್ಳು ಚೂಪಾಗಿದ್ದರೆ ಹಳೆಯ ಟವೆಲ್ ಸುತ್ತಿ ಹಿಡಿಯಿರಿ. ತಲೆಕೆಳಗಾಗಿ ಕಾಲು ಹಿಡಿದು ತೂಗಾಡಿಸುವ ಅಭ್ಯಾಸವನ್ನು ಸಂತೆಗೇ ಬಿಡಿ. ಕೋಳಿಗೆ ನಮ್ಮ ಹಾಗೆ ಎದೆ, ಹೊಟ್ಟೆಯ ನಡುವೆ ಪರದೆ ಇಲ್ಲ. ತಲೆಕೆಳಗಾದಾಗ ಕರುಳಿನ ಭಾರ ಗಾಳಿಚೀಲಗಳ ಮೇಲೆ ಬೀಳುತ್ತದೆ, ಮೇವುಚೀಲದಲ್ಲಿ ನೀರಿದ್ದರೆ ಗಂಟಲಿಗೆ ಬಂದು ಶ್ವಾಸನಾಳ ಸೇರುತ್ತದೆ.

ಕೈಯಲ್ಲಿ ಹಿಡಿದು

ಮೊದಲು ತೂಕ. ಹಳೆಯ ದಿಂಬಿನ ಕವರಿನೊಳಗೆ ಹುಂಜವನ್ನು ಇಳಿಸಿ, ಬಾಯಿ ಸಡಿಲವಾಗಿ ಕಟ್ಟಿ, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ. ಒಳಗೆ ಕತ್ತಲಿರುವುದರಿಂದ ಮಿಸುಕಾಡುವುದಿಲ್ಲ. ಬೆಳೆದ ನಾಟಿ ಹುಂಜ ಸಾಧಾರಣವಾಗಿ ಎರಡು ಕಿಲೋ ಆಸುಪಾಸು ಇರುತ್ತದೆ, ಗಿರಿರಾಜದಂಥ ತಳಿ ಇನ್ನೂ ಹೆಚ್ಚು. ನಮಗೆ ಬೇಕಾದದ್ದು ಇವತ್ತಿನ ಅಂಕಿಗಿಂತ ನಾಳೆ, ನಾಡಿದ್ದಿನ ಅಂಕಿ. ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ ಮೇವಿಗೆ ಮುಂಚೆ ತೂಗಿ. ಎರಡು ಕಿಲೋ ಇದ್ದದ್ದು 1.8ಕ್ಕೆ ಇಳಿದರೆ ಹತ್ತಕ್ಕೆ ಒಂದು ಭಾಗ ಹೋದಂತೆ, ಅದು ಸಣ್ಣ ಮಾತಲ್ಲ.

ತಕ್ಕಡಿ ಇಲ್ಲದಿದ್ದರೆ ಎದೆಮೂಳೆ ಮುಟ್ಟಿ. ಪುಕ್ಕದ ಮೇಲಿಂದ ನೋಡಿದರೆ ತುಂಬಿಕೊಂಡಂತೆ ಕಾಣುವ ಹುಂಜದ ಎದೆಮೂಳೆ ಬೆರಳಿಗೆ ಕತ್ತಿಯ ಬೆನ್ನಿನ ಹಾಗೆ ಸಿಕ್ಕಿ, ಎರಡೂ ಬದಿಯ ಮಾಂಸ ಒಳಗೆ ಇಳಿದಿದ್ದರೆ ಕಾಯಿಲೆ ವಾರಗಟ್ಟಲೆಯದು: ಹುಳು, ಹೇನು, ಯಕೃತ್ತು, ಗಡ್ಡೆ, ಇಂಥವು. ಮಾಂಸ ತುಂಬಿದ್ದೂ ಮಂಕಾಗಿದ್ದರೆ ಮೊನ್ನೆ ನಿನ್ನೆ ಶುರುವಾದದ್ದು: ವೈರಸ್, ವಿಷ, ಪೆಟ್ಟು. ಅರ್ಧ ವಿಂಗಡಣೆ ಇಲ್ಲೇ ಆಗಿಹೋಗುತ್ತದೆ.

ಆಮೇಲೆ ಮೇವುಚೀಲ. ಕತ್ತಿನ ಬುಡದಲ್ಲಿ, ಕೋಳಿಯ ಬಲಗಡೆಗೆ, ತಿಂದ ಕಾಳು ಮೊದಲು ಬಂದು ನಿಲ್ಲುವ ಚೀಲ ಇದು. ಸಂಜೆ ತುಂಬಿರಬೇಕು, ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಹಾಗಾಗಿ ಪರೀಕ್ಷೆ ಬೆಳಿಗ್ಗೆಯೇ, ಮೇವು ಕೊಡುವ ಮೊದಲು. ಬೆಳಿಗ್ಗೆಯೂ ಗಟ್ಟಿ ಉಂಡೆ ಸಿಕ್ಕರೆ ಕಟ್ಟಿಕೊಂಡಿದೆ. ಹಿತ್ತಲಲ್ಲಿ ಇದಕ್ಕೆ ಕಾರಣ ಸುತಳಿ, ಪ್ಲಾಸ್ಟಿಕ್ ಚೂರು, ತೆಂಗಿನ ನಾರು, ಉದ್ದ ಹುಲ್ಲು. ನೀರು ತುಂಬಿದ ಬಲೂನಿನ ಹಾಗೆ ಜೋತು, ಬಾಯಿಂದ ಹುಳಿ ಹೆಂಡದ ವಾಸನೆ ಬಂದರೆ ಒಳಗಿನದು ಹುಳಿತಿದೆ. ಗಟ್ಟಿಯಾಗಿದ್ದರೆ ಮೇವು ನಿಲ್ಲಿಸಿ, ಎರಡು ಮೂರು ಎಂ.ಎಲ್. ಕೊಬ್ಬರಿ ಎಣ್ಣೆಯನ್ನು ಹನಿ ಹನಿಯಾಗಿ ನುಂಗಿಸಿ, ಕೋಳಿ ನೆಟ್ಟಗೆ ನಿಂತಿರುವಾಗಲೇ ಬೆರಳಿನಿಂದ ಮೆಲ್ಲಗೆ ಹಿಸುಕಿ ಉಂಡೆ ಸಡಿಲಿಸಿ. ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ. ಹುಳಿತಿದ್ದರೆ ಎಣ್ಣೆ ಬೇಡ, ಬೆಲ್ಲದ ನೀರಂತೂ ಬೇಡವೇ ಬೇಡ. ಹುಳಿಸುವ ಬೂಷ್ಟಿಗೆ ಸಿಹಿಯೇ ಆಹಾರ. ಬರೀ ನೀರು ಕೊಟ್ಟು 12ರಿಂದ 24 ಗಂಟೆ ಮೇವು ನಿಲ್ಲಿಸಿ. ತಲೆಕೆಳಗು ಮಾಡಿ ವಾಂತಿ ಮಾಡಿಸುವ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ಮಾಡಬೇಡಿ, ಉಸಿರುಗಟ್ಟಿ ಸಾಯಬಹುದು.

ಬಾಯಿ ತೆರೆಸಿ ಟಾರ್ಚ್ ಬಿಡಿ. ಒಳಗೆ ಹಳದಿ, ಮೊಸರುಗಡ್ಡೆಯಂಥ ಪೊರೆ ಅಂಟಿದ್ದರೆ ಕೋಳಿ ಸಿಡುಬಿನ ಗಂಟಲ ಬಗೆಯೋ ಬೇರೆ ಸೋಂಕೋ ಇರಬಹುದು. ಅದನ್ನು ಕೀಳಬೇಡಿ, ರಕ್ತ ಬಂದು ಗಾಳಿಯ ದಾರಿ ಮುಚ್ಚುತ್ತದೆ. ಮುಖ ಒಂದು ಕಡೆ ಊದಿ, ಮೂಗಿನಿಂದ ಗಬ್ಬುವಾಸನೆಯ ಸಿಂಬಳ ಬರುತ್ತಿದ್ದರೆ ಕೋಳಿಯ ಸಾಂಕ್ರಾಮಿಕ ನೆಗಡಿ, ಅಂದರೆ ಕೊರೈಜಾ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಬೆನ್ನಿಗೆ ಕಿವಿ ಒತ್ತಿ ಕೇಳಿ: ಗೊರಗೊರ, ಸೀಟಿ, ಕ್ಲಿಕ್. ರಾತ್ರಿ ಗೂಡಿನ ಹೊರಗೆ ಸುಮ್ಮನೆ ನಿಂತರೂ ಇದು ಕೇಳುತ್ತದೆ.

ಜುಟ್ಟು ಬಿಳಿಚಿದ್ದರೆ ರಕ್ತ ಕಡಿಮೆ. ನೀಲಿ, ನೇರಳೆಯಾಗಿದ್ದರೆ ರಕ್ತಕ್ಕೆ ಗಾಳಿ ಸಾಲುತ್ತಿಲ್ಲ. ಜುಟ್ಟು, ಕಣ್ಣಂಚಿನಲ್ಲಿ ಕಪ್ಪು ಹಕ್ಕಳೆ ಗಂಟುಗಳಿದ್ದರೆ ಸಿಡುಬು. ಚರ್ಮದ ಸಿಡುಬು ಮೂರು ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ, ಕಣ್ಣು ಮುಚ್ಚಿಹೋಗಿ ಮೇವು ಕಾಣದೆ ಸೊರಗದಂತೆ ನೋಡಿಕೊಂಡರೆ ಸಾಕು. ಹುಂಜದ ಗಲ್ಲದ ಜೋಲು ಒಂದೇ ಊದಿ ಬಿಸಿಯಾಗಿದ್ದರೆ ಕೋಳಿ ಕಾಲರಾದ ನಿಧಾನದ ಬಗೆ ಇರಬಹುದು. ಅಂಗಾಲಿನ ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಒಳಗೆ ಕೀವಿದೆ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅರಿಶಿನ ಮೆತ್ತಿದರೆ ಮೇಲಿನ ಗಾಯ ಆರಬಹುದು, ಒಳಗಿನ ಗಡ್ಡೆ ಕರಗದು. ವೈದ್ಯರೇ ಬಿಡಿಸಿ ತೆಗೆಯಬೇಕು. ಕಾಳಗದಲ್ಲಿ ಮುಳ್ಳು ನಾಟಿದ ಗಾಯಕ್ಕೂ ಇದೇ ಮಾತು: ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ನೆಲ್ಲಿಕಾಯಿ ಗಾತ್ರದ ಗಡ್ಡೆ.

ಮೈ ಮುಟ್ಟಿ 'ಜ್ವರ ಇದೆ, ಸುಡ್ತಾ ಇದೆ' ಎಂದು ಮನುಷ್ಯರ ಜ್ವರದ ಮಾತ್ರೆ ಅರೆದು ಕೊಡುವವರಿದ್ದಾರೆ. ಆರೋಗ್ಯವಾಗಿರುವ ಕೋಳಿಯ ಮೈಬಿಸಿಯೇ 105ರಿಂದ 107 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವತ್ತೂ ಸುಡುತ್ತದೆ. ಹೆದರಬೇಕಾದದ್ದು ಕಾಲು ತಣ್ಣಗಾದಾಗ.

ಕೊನೆಗೆ ಹೇನು. ಗುದದ ಸುತ್ತ, ರೆಕ್ಕೆಯ ಕೆಳಗೆ ಪುಕ್ಕ ಸರಿಸಿ ನೋಡಿ. ಪುಕ್ಕದ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲು, ಓಡುವ ಒಣಹುಲ್ಲಿನ ಬಣ್ಣದ ಹೇನು ಸಿಗುತ್ತದೆ. ಮೈಮೇಲೆ ಏನೂ ಕಾಣದೆ ಜುಟ್ಟು ಬಿಳಿಚಿದ್ದರೆ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡಿಗೆ ಹೋಗಿ, ಕೂರುವ ಗಳದ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕುಂಕುಮ ಎಳೆದಂತೆ ಕೆಂಪು ಗೆರೆ ಮೂಡಿದರೆ ಕೆಂಪು ಉಣ್ಣಿ. ಹಗಲು ಬಿದಿರಿನ ಸೀಳಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತವೆ. ಕೋಳಿಗೆ ಎಷ್ಟು ಔಷಧಿ ಹಚ್ಚಿದರೂ ಗಳ ಬದಲಾಗದಿದ್ದರೆ ವ್ಯರ್ಥ: ಗಳ, ಸಂದುಗಳಿಗೆ ಕುದಿನೀರು ಸುರಿದು, ಒಣಗಿಸಿ, ಸುಣ್ಣ ಬಳಿದು, ಏಳು ದಿನಕ್ಕೆ ಮತ್ತೊಮ್ಮೆ ಅದನ್ನೇ ಮಾಡಬೇಕು. ಅಷ್ಟರಲ್ಲಿ ಉಳಿದ ಮೊಟ್ಟೆ ಒಡೆದು ಮರಿಯಾಗಿರುತ್ತವೆ. ಗಿಡಕ್ಕೆ ಹೊಡೆಯುವ ಕೀಟನಾಶಕವನ್ನು ಕೋಳಿಯ ಮೈಗೆ ಸಿಂಪಡಿಸಿ ಒಂದೇ ರಾತ್ರಿಯಲ್ಲಿ ಹಿಂಡು ಕಳೆದುಕೊಂಡ ಮನೆಗಳು ಕಡಿಮೆಯಿಲ್ಲ.

ಪೆಟ್ಟಿಗೆ, ಬಿಸಿ, ನೀರು

ಹುಂಜ ತಿರುಗಿ ನಿಲ್ಲಬೇಕಾದರೆ ಉದ್ದ, ಅಗಲ, ಎತ್ತರ ಎರಡೆರಡು ಅಡಿಯಾದರೂ ಇರುವ ಪೆಟ್ಟಿಗೆ ಬೇಕು. ಟಿವಿ, ಮಿಕ್ಸಿಯ ರಟ್ಟಿನ ಡಬ್ಬಕ್ಕಿಂತ ವಾಷಿಂಗ್ ಮೆಷಿನ್ ಬಂದ ಡಬ್ಬ ಒಳ್ಳೆಯದು. ಇಲ್ಲವೇ ದೊಡ್ಡ ಮಂಕರಿ ಕವುಚಿ. ಕೆಳಗೆ ಗೋಣಿಚೀಲ, ಅದರ ಮೇಲೆ ತಿಳಿಬಣ್ಣದ ಹಳೆ ಬಟ್ಟೆ. ಬರೀ ಪತ್ರಿಕೆ ಹಾಸಿದರೆ ಸುಸ್ತಾದ ಕೋಳಿಯ ಕಾಲು ಜಾರಿ ಅಗಲವಾಗುತ್ತದೆ. ಹೊಟ್ಟು, ಮರದ ಪುಡಿ ಹಾಸಿದರೆ ಹಿಕ್ಕೆಯ ಬಣ್ಣ ಕಾಣುವುದಿಲ್ಲ. ಉಳಿದ ಕೋಳಿಗಳಿಂದ ಕನಿಷ್ಠ ಮೂವತ್ತು ಅಡಿ ದೂರ, ಗಾಳಿ ಅದರ ಕಡೆಯಿಂದ ಗೂಡಿನ ಕಡೆಗೆ ಬೀಸದಂತೆ ಇಡಿ. ಬೆಳಿಗ್ಗೆ ಮೊದಲು ಚೆನ್ನಾಗಿರುವ ಕೋಳಿಗಳ ಕೆಲಸ, ಕೊನೆಗೆ ಕಾಯಿಲೆಯದರದು. ಅದಕ್ಕೇ ಬೇರೆ ಚಪ್ಪಲಿ, ಬೇರೆ ತಟ್ಟೆ, ಮುಗಿದ ಮೇಲೆ ಸೋಪಿನಲ್ಲಿ ಕೈ. ಮಕ್ಕಳನ್ನು ದೂರ ಇಡಿ.

ಒಳಗಿನ ಬಿಸಿ 26ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೈ ಬೆಚ್ಚಗಿಡಲು ಖರ್ಚಾಗುವ ಶಕ್ತಿ ರೋಗದ ಜೊತೆ ಸೆಣಸಲು ಉಳಿಯುತ್ತದೆ. ಬಯಲುಸೀಮೆಯ ಮಾರ್ಚ್‌ನಲ್ಲಿ ಏನೂ ಮಾಡಬೇಕಿಲ್ಲ. ಮಲೆನಾಡಿನ ಜುಲೈನಲ್ಲಿ, ಬೆಂಗಳೂರಿನ ಡಿಸೆಂಬರಿನಲ್ಲಿ ಬೇಕೇ ಬೇಕು. ತಂತಿಯ 60 ವ್ಯಾಟ್ ಬಲ್ಬನ್ನು ಪೆಟ್ಟಿಗೆಯ ಒಂದೇ ಮೂಲೆಯಲ್ಲಿ, ಕೋಳಿಯ ಬೆನ್ನಿಗಿಂತ ಒಂದೂವರೆ ಅಡಿ ಮೇಲೆ ತೂಗುಹಾಕಿ. ಸೆಕೆಯಾದರೆ ಇನ್ನೊಂದು ಮೂಲೆಗೆ ಸರಿಯಲು ಜಾಗ ಇರಬೇಕು. ಅಂಗಡಿಯಲ್ಲಿ ಈಗ ಬಲ್ಬ್ ಎಂದರೆ ಎಲ್‌ಇಡಿ ಕೊಡುತ್ತಾರೆ. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ರಾತ್ರಿಯಿಡೀ ಎಲ್‌ಇಡಿ ಉರಿಸಿ ನಿದ್ದೆಯನ್ನೂ ಕೆಡಿಸಿ ಕೋಳಿ ತಣ್ಣಗಾಗುವುದು ಈಚಿನ ಹೊಸ ತಪ್ಪು. ಬಲ್ಬ್ ಸಿಗದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ, ಮೂರು ಗಂಟೆಗೊಮ್ಮೆ ಬದಲಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬೇಡಿ. ಅದರ ಹೊಗೆ ಹಕ್ಕಿಯನ್ನು ನಮಗಿಂತ ಬೇಗ ಕೊಲ್ಲುತ್ತದೆ.

ನೀರಿನ ವಿಷಯದಲ್ಲೇ ಹೆಚ್ಚು ಹುಂಜಗಳು ಸಾಯುವುದು. ಕೊಕ್ಕು ಅಗಲಿಸಿ ಲೋಟದಿಂದ ಹುಯ್ಯುತ್ತಾರೆ. ನಾಲಿಗೆಯ ಬುಡದ ಹಿಂದೆಯೇ ಶ್ವಾಸನಾಳದ ಬಾಯಿ ಇದೆ, ಬಾಯಿ ತೆರೆಸಿದರೆ ಸಣ್ಣ ಸೀಳಿನ ಹಾಗೆ ತೆರೆದು ಮುಚ್ಚುವುದು ಕಾಣುತ್ತದೆ. ಹುಯ್ದ ನೀರು ನೇರ ಅಲ್ಲಿಗೇ. ಸರಿಯಾದ ಕ್ರಮ ಹೀಗೆ: ಟವೆಲ್ ಸುತ್ತಿದ ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ, ತಲೆ ಸಹಜ ಎತ್ತರದಲ್ಲೇ ಇರಲಿ. ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಕೊಕ್ಕಿನ ಪಕ್ಕದ ಅಂಚಿಗೆ ತಾಗಿಸಿ ಒಂದೇ ಹನಿ ಬಿಡಿ. ಹನಿ ಅಂಚಿನಲ್ಲಿ ಹರಿದು ಒಳಗೆ ಹೋಗುತ್ತದೆ, ಕೋಳಿ ಚಪ್ಪರಿಸುತ್ತದೆ, ತಲೆ ಎತ್ತಿ ನುಂಗುತ್ತದೆ. ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ಎರಡು ಕಿಲೋ ಹುಂಜಕ್ಕೆ ದಿನಕ್ಕೆ ಕನಿಷ್ಠ 100 ಎಂ.ಎಲ್. ಒಳಗೆ ಹೋಗಬೇಕು, ಎರಡು ಗಂಟೆಗೊಮ್ಮೆ 15 ಎಂ.ಎಲ್. ಕೊಟ್ಟರೆ ಹಗಲಲ್ಲೇ ಮುಗಿಯುತ್ತದೆ. ನುಂಗುವ ಶಕ್ತಿಯೇ ಇಲ್ಲದೆ ಕತ್ತು ಬಿದ್ದಿರುವ ಕೋಳಿಗೆ ಬಾಯಿಂದ ಏನೂ ಕೊಡಬೇಡಿ.

ನೀರಿಗೆ ಮೊದಲ ದಿನ ಓಆರ್‌ಎಸ್ ಬೆರೆಸಬಹುದು. ಒಂದು ಲೀಟರಿನ ಪೊಟ್ಟಣವನ್ನು ಎರಡು ಲೀಟರ್ ನೀರಿಗೆ ಹಾಕಿದರೆ ಸಾಕು, ಉಪ್ಪು ಹೆಚ್ಚಾದರೆ ಕೋಳಿಗೆ ಅದೇ ವಿಷ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಪಕ್ಕದಲ್ಲಿ ಬರೀ ನೀರಿನ ಬಟ್ಟಲೂ ಇರಲಿ. ಬಟ್ಟಲಿಗೆ ಅಳೆದು 250 ಎಂ.ಎಲ್. ಹಾಕಿ ಮರುದಿನ ಉಳಿದದ್ದನ್ನು ಅಳೆದರೆ ಎಷ್ಟು ಕುಡಿಯಿತು ಎಂಬ ಊಹೆ ಬೇಕಿಲ್ಲ.

ಮೇವು ಆಮೇಲೆ. ಒಣಗಿದ ಕೋಳಿಗೆ ಮೊದಲು ಕಾಳು ತುರುಕಿದರೆ ಮೇವುಚೀಲದಲ್ಲೇ ಕೊಳೆಯುತ್ತದೆ. ನೀರು ಕುಡಿದು ಹಿಕ್ಕೆ ಹಾಕಿದ ಮೇಲೆ ತೆಳು ರಾಗಿ ಅಂಬಲಿ, ಮೆತ್ತಗೆ ಬೆಂದ ಅನ್ನ, ಬೇಯಿಸಿದ ಮೊಟ್ಟೆಯ ಹಳದಿ, ಸ್ವಲ್ಪ ಸ್ವಲ್ಪ. ಈರುಳ್ಳಿ, ಹಸಿಮೆಣಸು ಗಂಟಲಿಗೆ ತುರುಕುವುದು, ಸಾರಾಯಿ ಹುಯ್ಯುವುದು, ಕಾಲಿಗೆ ಬರೆ ಹಾಕುವುದು ಇನ್ನೂ ನಿಂತಿಲ್ಲ. ಹರಕೆಗೆ ಬಿಟ್ಟ ಹುಂಜವಾದರಂತೂ ಮನೆಗೊಬ್ಬರು ಒಂದೊಂದು ಮದ್ದು ಹೇಳುತ್ತಾರೆ.

ಹಿಕ್ಕೆ ಏನು ಹೇಳುತ್ತದೆ

ಕಂದು ಉಂಡೆ, ಮೇಲೆ ಬಿಳಿ ಟೋಪಿ: ಇದು ಸರಿಯಾದ ಹಿಕ್ಕೆ. ಬಿಳಿ ಭಾಗ ಮೂತ್ರದ್ದು. ಎಂಟು ಹತ್ತಕ್ಕೊಂದು ಸಲ ಬೆಲ್ಲದ ಪಾಕದಂಥ ಅಂಟು, ಗಬ್ಬುನಾತದ ಹಿಕ್ಕೆ ಬರುತ್ತದೆ. ಅದೂ ಸರಿಯೇ, ಕುರುಡುಕರುಳಿನದು, ಭೇದಿ ಎಂದುಕೊಂಡು ಓಡಬೇಡಿ.

ಕಡುಹಸಿರು ಹಿಕ್ಕೆಯನ್ನು ನೋಡಿದ ಕೂಡಲೇ ಕೊಕ್ಕರೆ ರೋಗ, ಅಂದರೆ ರಾಣಿಖೇತ ರೋಗ ಎನ್ನುತ್ತಾರೆ. ಎರಡು ದಿನ ಏನೂ ತಿನ್ನದ ಯಾವ ಕೋಳಿಯ ಹಿಕ್ಕೆಯೂ ಹಸಿರೇ. ಮೇವಿಲ್ಲದೆ ಪಿತ್ತರಸ ಒಂದೇ ಇಳಿಯುತ್ತದೆ. ಹಸಿರು ಒಂದರಿಂದಲೇ ತೀರ್ಮಾನ ಮಾಡಬೇಡಿ, ಜೊತೆಗೆ ಗೊರಕೆ, ಕತ್ತು ತಿರುಚುವುದು, ಇನ್ನೊಂದೆರಡು ಕೋಳಿ ಮಂಕಾಗುವುದು ಇದೆಯೇ ನೋಡಿ. ಉಂಡೆಯೇ ಇಲ್ಲದೆ ಸುಣ್ಣದ ನೀರಿನ ಹಾಗೆ ಬಿಳಿ ಬರುತ್ತಿದ್ದರೆ ಮೂತ್ರಪಿಂಡದ ಕಡೆ ಗಮನ ಹೋಗಬೇಕು. ಹುಂಜಕ್ಕೆ ಇಲ್ಲೊಂದು ವಿಶೇಷ ಅಪಾಯ ಇದೆ. ಮೊಟ್ಟೆ ಇಡುವ ಹೇಂಟೆಗಳ ಲೇಯರ್ ಫೀಡ್‌ನಲ್ಲಿ ಸುಣ್ಣದ ಅಂಶ ಶೇಕಡ ಮೂರೂವರೆ, ನಾಲ್ಕರವರೆಗೆ ಇರುತ್ತದೆ. ಹುಂಜಕ್ಕೆ ಬೇಕಾದದ್ದು ಒಂದರ ಆಸುಪಾಸು. ಮೊಟ್ಟೆ ಇಡದ ಮೈ ಆ ಸುಣ್ಣವನ್ನು ಎಲ್ಲಿಗೆ ಕಳಿಸಬೇಕು? ತಿಂಗಳುಗಟ್ಟಲೆ ತಿಂದರೆ ಮೂತ್ರಪಿಂಡ ಕೆಡುತ್ತದೆ. ಹುಂಜ ಇರುವ ಹಿಂಡಿಗೆ ಬೆಳೆಯುವ ಕೋಳಿಗಳ ಗ್ರೋಯರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ಹೋಗಿ ತಿನ್ನುತ್ತದೆ.

ರಕ್ತ ಬೆರೆತರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಇದು ಹೆಚ್ಚಾಗಿ ಮರಿಗಳದು, ಬೆಳೆದ ಹುಂಜದಲ್ಲಿ ಅಪರೂಪ. ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಅವತ್ತೇ ಪಶು ಆಸ್ಪತ್ರೆಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ, ಕಾಕ್ಸಿಡಿಯಾ ಎರಡನ್ನೂ ನೋಡಬಹುದು. ಇಷ್ಟು ಸುಲಭದ ಪರೀಕ್ಷೆ ಬಿಟ್ಟು ಊಹೆಯ ಮೇಲೆ ಮೂರು ಔಷಧಿ ಕೊಡುವುದು ಯಾಕೋ ತಿಳಿಯದು.

ಕಾಲು, ಕತ್ತು ಬಿದ್ದರೆ

ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿರುವ ಎಳೆ ಹುಂಜ, ಆದರೆ ಕಣ್ಣು ಚುರುಕು, ಮೇವಿನ ಆಸೆ ಇದೆ: ಮರೆಕ್ಸ್ ರೋಗದ ಅನುಮಾನ. ಅದಕ್ಕೆ ಔಷಧಿ ಇಲ್ಲ. ಕತ್ತು ಹಗ್ಗದ ಹಾಗೆ ತಿರುಚಿ ತಲೆ ಬೆನ್ನಿನ ಮೇಲೆ ಹೋಗುತ್ತಿದ್ದರೆ ಕೊಕ್ಕರೆ ರೋಗದ ನರದ ಹಂತವೂ ಆಗಿರಬಹುದು, ಬಿ1 ಜೀವಸತ್ವದ ಕೊರತೆಯೂ ಆಗಿರಬಹುದು. ಎರಡನೆಯದಾದರೆ ಥಯಾಮಿನ್ (ಬಿ1) ಕೊಟ್ಟ ಒಂದೆರಡು ದಿನದಲ್ಲೇ ತಿರುವು ಕಾಣುತ್ತದೆ. ಕತ್ತು ತಿರುಚದೆ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಚೆಲ್ಲಿದ್ದರೆ ಬಾಟುಲಿಸಂ: ಸತ್ತ ಇಲಿ, ಕೊಳೆತ ಹೆಣದ ಹುಳು ತಿಂದದ್ದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಯಕೃತ್ತನ್ನು ನಿಧಾನಕ್ಕೆ ತಿನ್ನುತ್ತದೆ. 'ದನಕ್ಕೆ ಬೇಡ, ಕೋಳಿಗೆ ಹಾಕು' ಎಂದು ಎಸೆಯುವುದು ಇದನ್ನೇ. ಇಲಿಪಾಷಾಣ, ತೋಟಕ್ಕೆ ಹಾಕಿದ ಹರಳು ಕೀಟನಾಶಕ ತಿಂದಿದ್ದರೆ ಗಂಟೆಗಳಲ್ಲಿ ಎರಡು ಮೂರು ಕೋಳಿ ಒಟ್ಟಿಗೆ ಬೀಳುತ್ತವೆ.

ಔಷಧಿ

ಕೊಕ್ಕರೆ ರೋಗ, ಸಿಡುಬು, ಮರೆಕ್ಸ್, ಹಕ್ಕಿಜ್ವರ ನಾಲ್ಕೂ ವೈರಸ್. ಆ ಹಳದಿ ಪುಡಿ, ಅಂದರೆ ಟೆಟ್ರಾಸೈಕ್ಲಿನ್ ಬಗೆಯ ಆ್ಯಂಟಿಬಯಾಟಿಕ್, ಇವುಗಳಿಗೆ ಏನೂ ಮಾಡದು. ಕೊರೈಜಾ, ಕಾಲರಾದಂಥ ಬ್ಯಾಕ್ಟೀರಿಯಾ ರೋಗಕ್ಕೆ ಆ್ಯಂಟಿಬಯಾಟಿಕ್ ಬೇಕು, ಆದರೆ ಸರಿಯಾದದ್ದು, ತೂಕಕ್ಕೆ ತಕ್ಕಷ್ಟು, ಹೇಳಿದಷ್ಟು ದಿನ. ಎರಡು ದಿನ ಕೊಟ್ಟು ಚುರುಕಾಯಿತೆಂದು ನಿಲ್ಲಿಸಿದರೆ ಉಳಿದ ರೋಗಾಣು ಆ ಔಷಧಿಗೆ ಮಣಿಯದಾಗುತ್ತದೆ. ಟೆಟ್ರಾಸೈಕ್ಲಿನ್ ಕೊಡುವಾಗ ಮೊಸರು, ಸುಣ್ಣ, ಕಪ್ಪೆಚಿಪ್ಪು ಜೊತೆಗಿದ್ದರೆ ಔಷಧಿ ಅವಕ್ಕೆ ಅಂಟಿ ಹಿಕ್ಕೆಯಲ್ಲೇ ಹೋಗುತ್ತದೆ. ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಸಿಗದಂತೆ ತಡೆದು. ಅದೇ ನೀರಿಗೆ 'ಶಕ್ತಿಗೆ ಇರಲಿ' ಎಂದು ಬಿ ಕಾಂಪ್ಲೆಕ್ಸ್ ಟಾನಿಕ್ ಬೆರೆಸಿದರೆ ಕಾಕ್ಸಿಡಿಯಾಕ್ಕೆ ಊಟ ಬಡಿಸಿದಂತೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಬಳಸಬೇಡಿ. ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಎಂದು ವೈದ್ಯರನ್ನೇ ಕೇಳಿ. ನೀರಿಗೆ ಬೆರೆಸಿದ್ದಾದರೆ ಅದನ್ನು ಕುಡಿದ ಹೇಂಟೆಗಳಿಗೂ ಆ ಲೆಕ್ಕ ಅನ್ವಯ.

ಲಸಿಕೆ ಔಷಧಿಯಲ್ಲ, ಕಾಯಿಲೆ ಬಿದ್ದ ಹುಂಜಕ್ಕೆ ಈಗ ಹಾಕಿಸಿದರೆ ಇನ್ನಷ್ಟು ಸೊರಗುತ್ತದೆ. ಕೊಕ್ಕರೆ ರೋಗ 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಮರುವರ್ಷ ಕುಮಾವೂನಿನ ರಾಣಿಖೇತದಲ್ಲಿ ಗುರುತಾಯಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದ ಹೆಸರಿನ ವೈರಸ್ ತಳಿಯಿಂದಲೇ ನಾವು ಈಗಲೂ ಹಾಕಿಸುವ ಆರ್2ಬಿ ಲಸಿಕೆ ಬಂದದ್ದು. ಮರಿಗೆ ಮೊದಲ ವಾರ ಎಫ್1 ಅಥವಾ ಲಸೋಟ ಲಸಿಕೆಯ ಹನಿ, ಆರರಿಂದ ಎಂಟು ವಾರ ಆದ ಮೇಲೆ ಆರ್2ಬಿ. ಹನಿ ಹಾಕದ ಎಳೆ ಮರಿಗೆ ನೇರ ಆರ್2ಬಿ ಚುಚ್ಚಿದರೆ ಲಸಿಕೆಯೇ ಕಾಯಿಲೆ ತರುತ್ತದೆ. ಹಿತ್ತಲ ಕೋಳಿಗೆ ಲಸಿಕೆ ತಪ್ಪುವುದು ಅಸಡ್ಡೆಯಿಂದ ಮಾತ್ರ ಅಲ್ಲ: ಬಾಟಲಿಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಮನೆಯಲ್ಲಿರುವುದು ಎಂಟು. ಕಲಸಿದ ಮೇಲೆ ಐಸ್‌ನಲ್ಲಿಟ್ಟರೂ ಒಂದೆರಡು ಗಂಟೆಯೇ ಅದರ ಆಯಸ್ಸು. ಕೇರಿಯ ಹತ್ತು ಮನೆ ಸೇರಿ ಒಂದೇ ಬೆಳಿಗ್ಗೆ ಹಾಕಿಸುವುದೊಂದೇ ದಾರಿ.

ಕೂಡಲೇ ಫೋನ್ ಮಾಡಬೇಕಾದದ್ದು

ಒಂದು ಹುಂಜ ವಾರದಿಂದ ಸೊರಗಿದ್ದರೆ ಮೇಲಿನ ಎಲ್ಲವೂ ಮಾಡಿಕೊಳ್ಳಬಹುದು. ಆದರೆ ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಮುಖ ಊದಿ ಜುಟ್ಟು ನೇರಳೆಯಾದರೆ, ಕಾಲಿನ ಪೊರೆಯ ಮೇಲೆ ರಕ್ತದ ಚುಕ್ಕೆ ಕಂಡರೆ ಮುಟ್ಟಬೇಡಿ, ಕುಯ್ಯಬೇಡಿ, ಸಂತೆಗೆ ಒಯ್ಯಬೇಡಿ. ಪಶು ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಕ್ಕಿಜ್ವರ ನಮ್ಮಲ್ಲಿಗೆ ಬಾರದ ಮಾತಲ್ಲ: 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಬಂದಿದೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ಇಂಥ ಅನುಮಾನ ತಿಳಿಸುವುದು ಸಾಕಿದವರ ಹೊಣೆ. ತಿಳಿಸಿದರೆ ಎಲ್ಲ ಕೋಳಿ ಕೊಲ್ಲುತ್ತಾರೆ ಎಂದು ಮುಚ್ಚಿಡುವವರಿದ್ದಾರೆ; ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಕೋಳಿ ಹೋಗುವುದು ನಿಜ, ಅದಕ್ಕೆ ಪರಿಹಾರವೂ ಇದೆ.

ಹುಂಜ ಉಳಿಯದೆ ಹೋದರೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆಗೆ ಕೊಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಐಸ್ ತುಂಬಿದ ಡಬ್ಬದಲ್ಲಿಟ್ಟು 24 ಗಂಟೆಯೊಳಗೆ ಪಶು ಆಸ್ಪತ್ರೆಗೆ. ಬೆಂಗಳೂರಿನ ಸುತ್ತಲಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇದೆ. ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಬೇಡಿ, ಹೆಪ್ಪುಗಟ್ಟಿದ ಅಂಗದಲ್ಲಿ ರೋಗದ ಗುರುತು ಕೆಡುತ್ತದೆ. ಬದುಕಿದ್ದಾಗ ಸಿಗದ ಹೆಸರು ಯಕೃತ್ತು, ಕರುಳು ನೋಡಿದಾಗ ಸಿಗುವುದುಂಟು, ಅದು ಉಳಿದ ಕೋಳಿಗಳಿಗೆ ದಾರಿ. ಹೂಳುವುದಾದರೆ ಬಾವಿ, ಕೆರೆಯಿಂದ ದೂರ ಮೂರು ಅಡಿ ಆಳದ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ನಾಯಿ ಕೆದಕದಂತೆ ಕಲ್ಲು.

ಹುಂಜ ಚೇತರಿಸಿಕೊಂಡರೆ ಕೂಡಲೇ ಹಿಂಡಿಗೆ ಬಿಡಬೇಡಿ. ಲಕ್ಷಣ ನಿಂತ ಮೇಲೆ ಎರಡು ವಾರ ಬೇರೆಯೇ ಇರಲಿ, ತೂಕ ಮೊದಲಿನ ಹತ್ತಿರ ಬರಲಿ. ಆಮೇಲೆ ಮೂರು ನಾಲ್ಕು ದಿನ ಪಂಜರದಲ್ಲಿಟ್ಟು ಹಿಂಡಿನ ಕಣ್ಣಿಗೆ ಬೀಳುವಂತೆ ಅಂಗಳದಲ್ಲಿಡಿ, ಕೊನೆಗೆ ರಾತ್ರಿ ಹೊತ್ತು ಗಳದ ಮೇಲೆ ಕೂರಿಸಿ. ಅಷ್ಟರಲ್ಲಿ ಇನ್ನೊಂದು ಎಳೆ ಹುಂಜ ಯಜಮಾನಿಕೆ ಹಿಡಿದಿದ್ದರೆ ಬೆಳಿಗ್ಗೆ ಕಾಳಗ ಖಂಡಿತ, ಎದ್ದ ಕೂಡಲೇ ಅಲ್ಲಿರಿ. ಕೊರೈಜಾ, ಗೊರಕೆ ರೋಗದಿಂದ (ಸಿಆರ್‌ಡಿ ಎಂಬ ದೀರ್ಘಕಾಲದ ಉಸಿರಾಟದ ರೋಗ) ಎದ್ದ ಹುಂಜ ರೋಗಾಣುವನ್ನು ಮೈಯಲ್ಲೇ ಹೊತ್ತು ಓಡಾಡುತ್ತದೆ. ತನ್ನ ಹಳೆಯ ಹಿಂಡಿನ ಜೊತೆ ಇರಲಿ ಪರವಾಗಿಲ್ಲ, ಸಂತೆಗೆ ಮಾರಬೇಡಿ, ಜಾತಿ ಚೆನ್ನಾಗಿದೆ ಎಂದು ನೆಂಟರ ಮನೆಗೆ ಕಳಿಸಬೇಡಿ. ಸಂತೆಯಿಂದ ಹೊಸ ಕೋಳಿ ತಂದರೂ ಒಂದು ತಿಂಗಳು ಈ ಹಿಂಡಿನಿಂದ ದೂರ ಕಟ್ಟಿ.